ಕಿರುಬೆರಳಿನ ಸ್ವರ

ಕಡಿದದ್ದು ಒಂದು ತಂತಿ, ನಿಂತದ್ದು ಇಡೀ ತಂಡ.

ಲೈಬ್ರರಿಯ ಓದುವ ಹಾಲಿನಲ್ಲಿ ಭಾನುವಾರ ಬೆಳಿಗ್ಗೆ ಪಿಟೀಲು ತರಗತಿಯವರ ಕಾರ್ಯಕ್ರಮ. ಮೇಜುಗಳನ್ನು ಗೋಡೆಗೆ ಒತ್ತರಿಸಿ ಜಾಗ ಮಾಡಿದ್ದರು. ಶಿಷ್ಯರು ಮುಂದೆ, ಟೀಚರ್ ಹಿಂದೆ. ಅದು ಅವಳ ಪದ್ಧತಿ. "ನಾನು ಮುಂದೆ ಕೂತರೆ ಜನ ನನ್ನನ್ನೇ ನೋಡ್ತಾರೆ, ನಿಮ್ಮನ್ನ ಯಾರು ನೋಡ್ತಾರೆ?" ಅನ್ನುವಳು. ಎಲ್ಲ ಚೆನ್ನಾಗಿಯೇ ಸಾಗಿತ್ತು. ಮೊದಲ ಹಾಡಿಗೆ ಚಪ್ಪಾಳೆ ಬಿತ್ತು, ಎರಡನೆಯದಕ್ಕೆ ಪೇಪರ್ ಓದುತ್ತಿದ್ದವರೂ ತಲೆ ಎತ್ತಿದರು. ಮುಂದಿನದರ ನಡುವೆ ಟೀಚರ್ ಪಿಟೀಲಿನ ಸಣ್ಣ ತಂತಿ ಟಪ್ಪಂತ ಕಡಿದು ಅವಳ ಕೆನ್ನೆಗೇ ಬಡಿಯಿತು.

ತಂತಿ ಕಡಿಯುವುದೇನು ಮಹಾ? ಪಿಟೀಲು ಅಂದಮೇಲೆ ತಂತಿ ಕಡಿಯುತ್ತದೆ, ಸೈಕಲ್ ಅಂದಮೇಲೆ ಪಂಕ್ಚರ್ ಆಗುವ ಹಾಗೆ. ಆದರೆ ಅವಳು ಕಮಾನು ಇಳಿಸಿದ್ದೇ ತಡ, ಮುಂದಿದ್ದವರ ಕಮಾನುಗಳೂ ಒಂದಾದ ಮೇಲೊಂದು ಇಳಿದವು. ಒಬ್ಬರಾದರೂ ಮುಂದುವರಿಸಬೇಕಲ್ಲ? ಊಹೂಂ. ಟೈಲರ್, ನರ್ಸ್, ಅಂಚೆ ಹಂಚುವ ಪೋಸ್ಟಣ್ಣ, ಯಾವಾಗ ನೋಡಿದರೂ ಬಸ್ಸು ಹಿಡಿಯುವವಳ ಹಾಗೆ ಓಡಾಡಿ ಗಡಿಬಿಡಿ ಅಂತಲೇ ಹೆಸರಾದ ಕಾಲೇಜು ಹುಡುಗಿ, ಉಳಿದ ಮೂರ್ನಾಲ್ಕು ಮಂದಿ, ಎಲ್ಲರೂ ಹಿಂದಕ್ಕೆ ತಿರುಗಿ ಅವಳ ಮುಖವನ್ನೇ ನೋಡಿದರು. ಲೈಬ್ರರಿಯವನು ಒಳ್ಳೆಯ ಮನುಷ್ಯ. "ಪರವಾಗಿಲ್ಲ, ಪರವಾಗಿಲ್ಲ, ಎಲ್ಲರಿಗೂ ಟೀ ಇದೆ" ಎಂದು ಎದ್ದುಬಿಟ್ಟ. ಅಲ್ಲಿಗೆ ಕಾರ್ಯಕ್ರಮ ಮುಗಿಯಿತು.

ಟೀ ಲೋಟ ಹಿಡಿದುಕೊಂಡು ಅವಳ ಹತ್ತಿರ ಬಂದವನು ಅವಳ ತಮ್ಮ. ಮದುವೆ ಬ್ಯಾಂಡಿನಲ್ಲಿ ಡ್ರಮ್ ಬಾರಿಸುವವನು. ಭಾನುವಾರಗಳೆಲ್ಲ ಅವನಿಗೆ ಯಾರದೋ ಮದುವೆ, ಹಾಗಾಗಿ ಅಕ್ಕನ ತಂಡವನ್ನು ಅವನು ಕೇಳಿದ್ದು ಅವತ್ತೇ ಮೊದಲು.

"ಅಕ್ಕಾ, ಕೋಪ ಮಾಡ್ಕೋಬೇಡ."

"ಹಾಗಂತ ಶುರು ಮಾಡಿ ಕೋಪ ಬರದೇ ಇರೋ ಮಾತು ನೀನು ಯಾವತ್ತಾದ್ರೂ ಆಡಿದ್ದೀಯಾ?"

"ಕಡಿದದ್ದು ನಿನ್ನ ತಂತಿ. ಅವರ ತಂತಿಗೆ ಏನಾಗಿತ್ತು?"

"ಗಾಬರಿ ಆದ್ರು, ಪಾಪ."

"ಗಾಬರಿ ಎಲ್ಲಿ ಬಂತು? ಅವರಿಗೆ ಹಾಡೇ ಗೊತ್ತಿಲ್ಲ ಅಕ್ಕಾ. ನಾನು ಬಾಗಿಲ ಹತ್ರ ನಿಂತು ಕೇಳಿಸ್ಕೊಂಡೆ. ಎಲ್ಲಾ ನಿನ್ನದೇ ಸದ್ದು. ಅವರು ಅದರ ಬಾಲ ಹಿಡ್ಕೊಂಡು ಬರ್ತಿದ್ರು. ನೀನು ಕಲಿಸಿಲ್ಲ, ಹೊತ್ಕೊಂಡು ತಿರುಗಿದ್ದೀಯ."

ಟೀಚರ್ ಅವನ ಕೈಯಲ್ಲಿದ್ದ ಬಿಸ್ಕತ್ತನ್ನು ಕಿತ್ತುಕೊಂಡು ತಾನೇ ತಿಂದಳು. "ಡ್ರಮ್ ಬಡಿಯೋನು ನನಗೆ ಸಂಗೀತ ಹೇಳ್ಕೊಡ್ತೀಯಾ?" ಅಂದಳು. ತಮ್ಮ ನಕ್ಕ. ಅವಳು ನಗಲಿಲ್ಲ.

ತಾನು ಒಳ್ಳೆಯ ಟೀಚರ್ ಅನ್ನುವುದರಲ್ಲಿ ಅವಳಿಗೆ ಯಾವತ್ತೂ ಅನುಮಾನ ಇರಲಿಲ್ಲ. ಅನುಮಾನ ಪಡುವ ಜಾತಿಯವಳೇ ಅಲ್ಲ ಅವಳು. ಸಂತೆಯಲ್ಲಿ ತರಕಾರಿ ಆರಿಸಿದರೂ ಅಷ್ಟೇ, ಗಂಡನಿಗೆ ಶರ್ಟು ಆರಿಸಿದರೂ ಅಷ್ಟೇ, ಒಮ್ಮೆ ಕೈ ಹಾಕಿದರೆ ಮುಗಿಯಿತು. ಆದರೆ ಮನೆಗೆ ಬಂದು ಹೊಸ ತಂತಿ ಏರಿಸುವಾಗ ತಮ್ಮನ ಮಾತು ಹಲ್ಲಿನ ಸಂದಿಗೆ ಸಿಕ್ಕಿದ ನಾರಿನ ಹಾಗೆ ಕಾಡಿತು. ಕಲಿಸಿದ್ದೇನೆಯೋ, ಇಲ್ಲ ಬರೀ ಹೊತ್ತುಕೊಂಡು ತಿರುಗಿದ್ದೇನೆಯೋ? ಇದು ಗೊತ್ತಾಗದೆ ಅವಳಿಗೆ ಊಟ ಸೇರುವ ಹಾಗಿರಲಿಲ್ಲ. ತಂತಿ ಬಿಗಿದು ಶ್ರುತಿ ಮಾಡುವಷ್ಟರಲ್ಲಿ ಅವಳು ತೀರ್ಮಾನಿಸಿಯಾಗಿತ್ತು.

ತರಗತಿ ನಡೆಯುವುದು ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ. ಒಂದರ ಹಾಗೆ ಇನ್ನೊಂದಿಲ್ಲದ ಕುರ್ಚಿಗಳು, ಕಿಟಕಿಯ ಕಟ್ಟೆಯ ಮೇಲೆ ಕಮಾನಿಗೆ ಉಜ್ಜುವ ರಾಳದ ತುಂಡುಗಳು, ಕೆಳಗಿನಿಂದ ಬರುವ ಗ್ರೀಸಿನ ವಾಸನೆ. ಕೆಲಸ ಮುಗಿಸಿದವರು ಮುಗಿಸಿದ ಬಟ್ಟೆಯಲ್ಲೇ ಬರುತ್ತಾರೆ. ಮುಂದಿನ ಪಾಠದ ಸಂಜೆ ಎಲ್ಲರೂ ಕೂತ ಮೇಲೆ ಟೀಚರ್ ಹೇಳಿದಳು: "ಆಸ್ಪತ್ರೇಲಿ ಒಪ್ಕೊಂಡಿರೋ ಮುಂದಿನ ಕಾರ್ಯಕ್ರಮಕ್ಕೆ ನಾನು ಪಿಟೀಲು ತರಲ್ಲ. ಜನರ ಮಧ್ಯೆ ಕೂತು ಕೇಳ್ತೀನಿ."

ಕೆಳಗೆ ಯಾರೋ ಚಕ್ರ ತಿರುಗಿಸಿ ನೋಡುತ್ತಿದ್ದ ಸದ್ದು ಕೇಳಿಸಿತು.

"ಟೀಚರ್, ನಿಮ್ಮ ಉಸಿರು?" ಅಂದಳು ನರ್ಸ್.

ಈ ಉಸಿರಿನ ವಿಷಯ ಹೇಳಬೇಕು. ಹಿಂದೆ ಕೂತವಳು ಮುಂದಿನವರಿಗೆ ಕೈ ಮಾಡಿ ಶುರು ಹೇಳುವುದು ಹೇಗೆ? ಅದಕ್ಕೇ ಟೀಚರ್ ಹಾಡು ಎತ್ತುವ ಮೊದಲು ಮೂಗಿನಲ್ಲಿ ಸರ್ರನೆ ಉಸಿರೆಳೆಯುತ್ತಿದ್ದಳು. ಆ ಸದ್ದೇ ಸನ್ನೆ. ಉಸಿರು ಎಷ್ಟು ಚುರುಕೋ ಹಾಡು ಅಷ್ಟು ಚುರುಕು. ವರ್ಷಗಟ್ಟಲೆ ಕೇಳಿ ಕೇಳಿ ಅದು ಎಲ್ಲರಿಗೂ ಅಂಟಿಕೊಂಡಿತ್ತು. ಟೈಲರ್ ಬಟ್ಟೆಗೆ ಕತ್ತರಿ ಇಡುವ ಮೊದಲು ಮೂಗೆಳೆಯುತ್ತಾನೆ. ನರ್ಸು ಸೂಜಿ ಚುಚ್ಚುವ ಮೊದಲು ಎಳೆಯುತ್ತಾಳೆ, ಅಷ್ಟಕ್ಕೇ ಅರ್ಧ ರೋಗಿಗಳು ಕಿರುಚುತ್ತಾರೆ. ಪೋಸ್ಟಣ್ಣನ ಹೆಂಡತಿ ಅವನನ್ನು ನೆಗಡಿಗೆ ಔಷಧಿ ಕೊಡಿಸಲು ಕರೆದುಕೊಂಡು ಹೋಗಿದ್ದಳು. ಆದರೆ ಹಾಡು ಎತ್ತಬೇಕಾದರೆ ಮಾತ್ರ ಟೀಚರ್ ಮೂಗೇ ಬೇಕು, ಬೇರೆಯವರದು ನಡೆಯುವುದಿಲ್ಲ.

"ನಿಮ್ಮಲ್ಲೇ ಒಬ್ಬರು ತಗೊಳ್ಳಿ."

"ಬೆಕ್ಕಿಗೆ ಗಂಟೆ ಕಟ್ಟೋರು ಯಾರು?" ಅಂದ ಪೋಸ್ಟಣ್ಣ.

"ಗಡಿಬಿಡಿ ತಗೊಳ್ತಾಳೆ. ಕೈ ಚೆನ್ನಾಗಿದೆ, ಧೈರ್ಯ ಇದೆ."

"ನಾನಾ? ಅಯ್ಯೋ ಟೀಚರ್, ನಾನು ಶುರು ಮಾಡಿದ್ರೆ ಇವರೆಲ್ಲಾ ಇನ್ನೂ ಕುರ್ಚೀಲಿ ಕೂರ್ತಿರ್ತಾರೆ, ನಾನು ಮುಗಿಸಿ ಮನೆಗೆ ಹೋಗಿರ್ತೀನಿ" ಅಂದಳು ಹುಡುಗಿ. ಎಲ್ಲರೂ ನಕ್ಕರು. ಆದರೆ ಅವಳ ಕಿವಿ ಕೆಂಪಾಗಿತ್ತು. ಅವಳಿಗೆ ಖುಷಿಯಾಗಿತ್ತು.

ಟೈಲರ್ ಮಾತ್ರ ನಗಲಿಲ್ಲ. "ಹಾಗಾದ್ರೆ ಉದ್ದದ್ದರ ಕಥೆ?" ಅಂದ.

ಉದ್ದದ್ದು ಅಂದರೆ ಅವರು ಕೊನೆಯಲ್ಲಿ ಬಾರಿಸುವ ದೊಡ್ಡ ಹಾಡು. ಅದಕ್ಕೆ ಬೇರೆ ಹೆಸರಿತ್ತು, ಯಾರಿಗೂ ನೆನಪಿರಲಿಲ್ಲ. ಅದರ ನಡುವೆ ಒಂದು ತಿರುವು. ಅಲ್ಲಿ ಹಾಡು ಮೆಟ್ಟಿಲು ಹತ್ತಿದ ಹಾಗೆ ಹತ್ತಿ ಒಂದು ಮೇಲಿನ ಸ್ವರದಲ್ಲಿ ನಿಂತು, ಆಮೇಲೆ ಇಳಿಯುತ್ತದೆ. ಆ ಸ್ವರ ಎಡಗೈಯ ಕಿರುಬೆರಳಿನದು. ಟೈಲರ್‌ನ ಕಿರುಬೆರಳಿನೊಳಗೆ ಅವನ ಎಳೆವಯಸ್ಸಿನಲ್ಲಿ ಹೊಲಿಗೆ ಮಷಿನ್ನಿನ ಸೂಜಿ ಹಾದುಹೋಗಿತ್ತು. ಬೆರಳು ಉಳಿಯಿತು, ಆದರೆ ಬಗ್ಗುವುದಕ್ಕೆ ಅದು ಯಜಮಾನನ ಅಪ್ಪಣೆಯಾದ ಮೇಲೂ ಒಂದು ಗಳಿಗೆ ತೆಗೆದುಕೊಳ್ಳುತ್ತದೆ. ಅದು ತಂತಿ ಮುಟ್ಟುವಷ್ಟರಲ್ಲಿ ಹಾಡು ಮುಂದೆ ಹೋಗಿರುತ್ತದೆ.

"ಆ ಸ್ವರ ಬಿಟ್ಟುಬಿಡಿ ಅಂತ ಹೇಳಿದ್ದೀನಲ್ರೀ" ಅಂದಳು ಟೀಚರ್. "ಇಷ್ಟು ದಿನ ನಾನು ನೋಡ್ಕೋತಿದ್ದೆ, ಅವತ್ತು ಗಡಿಬಿಡಿ ನೋಡ್ಕೋತಾಳೆ."

"ಒಂಚೂರು ನಿಧಾನ ಮಾಡಿದ್ರೆ ನಾನೇ ಮುಟ್ತೀನಿ. ಎಷ್ಟು ಸಲ ಕೇಳಿದ್ದೀನಿ ನಿಮ್ಮನ್ನ."

"ಹಾಡು ಬೆರಳಿಗೆ ಕಾಯಲ್ಲ ರೀ. ಬೆರಳು ಹಾಡಿನ ಹಿಂದೆ ಓಡಬೇಕು."

"ನನ್ನ ಗಿರಾಕಿ ಸೊಂಟ ನೋಡಿ ನಾನು ಬಟ್ಟೆ ಕತ್ತರಿಸ್ತೀನಿ ಟೀಚರ್, ಬಟ್ಟೆ ಸಾಲಲಿಲ್ಲ ಅಂತ ಗಿರಾಕಿ ಸೊಂಟ ಕತ್ತರಿಸಲ್ಲ."

ಕೋಣೆಯೆಲ್ಲ ನಗು. ಟೀಚರ್ ಕೂಡ ನಕ್ಕಳು, ನಕ್ಕು "ಸರಿ, ಎತ್ತಿ ಹಾಡನ್ನ" ಅಂದಳು. ನಿಧಾನ ಮಾಡುವ ಮಾತು ಅಲ್ಲೇ ಬಿದ್ದುಹೋಯಿತು. ಟೈಲರ್ ಏನು ಬಡಪಾಯಿಯಲ್ಲ. ಅಷ್ಟು ಸುಲಭಕ್ಕೆ ಸೋಲುವವನೂ ಅಲ್ಲ. ತಾನು ಹೊಲಿದ ಕೋಟು ಹಾಕಿಕೊಂಡೇ ಪಾಠಕ್ಕೆ ಬರುವ ಶೋಕಿವಾಲ. ಅವತ್ತು ಮಾತ್ರ ತಲೆ ಬಗ್ಗಿಸಿ ಕಿರುಬೆರಳನ್ನು ಬಲಗೈಯಲ್ಲಿ ನೀವುತ್ತ ಕೂತ.

ಅವರು ತಾವಾಗಿ ಬಾರಿಸಲಿ ಎಂದು ಟೀಚರ್ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತಳು. ಒಳಗೆ ಗಡಿಬಿಡಿ ಮೂಗೆಳೆದಳು, ಹಾಡು ಎದ್ದಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ಇಲ್ಲಿ ಎತ್ತು ಕೋಣಗಳ ಜೊತೆ ಇನ್ನೂ ಹಲವು ಪ್ರಾಣಿಗಳಿದ್ದವು. ಟೀಚರ್ ಕಿವಿ ಮುಚ್ಚಿಕೊಂಡಳು, ತೆಗೆದಳು, ಮತ್ತೆ ಮುಚ್ಚಿಕೊಂಡಳು. ಕೊನೆಗೆ ತಡೆಯಲಾರದೆ ಒಳಗೆ ನುಗ್ಗಿ, "ಒಂದೇ ಒಂದು ಸಲ ತೋರಿಸ್ತೀನಿ" ಎಂದು ತನ್ನ ಪಿಟೀಲು ಎತ್ತಿಕೊಂಡವಳು ಪಾಠ ಮುಗಿಯುವ ತನಕ ಕೆಳಗಿಡಲಿಲ್ಲ. ಅದರ ಮುಂದಿನ ಪಾಠದಲ್ಲೂ ಅದೇ ಕಥೆ. ನೀರಿಗೆ ತಳ್ಳಿ ಈಜು ಕಲಿಸುತ್ತೇನೆ ಅಂದವಳು ತಾನೇ ಮೊದಲು ಹಾರುತ್ತಿದ್ದಳು.

ಕಾರ್ಯಕ್ರಮದ ದಿನ ಬೆಳಿಗ್ಗೆ ಪಿಟೀಲಿನ ಪೆಟ್ಟಿಗೆಯನ್ನು ಮನೆಯಲ್ಲೇ ಬಿಟ್ಟು ಬಾಗಿಲು ಹಾಕಿದಳು. ಗೇಟಿನ ತನಕ ಹೋದಳು. ಕೈ ಖಾಲಿ ಖಾಲಿ ಅನ್ನಿಸಿತು, ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ವಾಪಸ್ ಬಂದು ಪೆಟ್ಟಿಗೆ ಎತ್ತಿಕೊಂಡಳು. "ತಗೊಂಡು ಹೋಗಲ್ಲ ಅಂದಿದ್ದೆಯಲ್ಲ?" ಎಂದು ಗಂಡ ಪೇಪರಿನ ಹಿಂದಿನಿಂದ ಕೇಳಿದರು. "ತಗೊಂಡು ಹೋಗ್ತಿದ್ದೀನಿ ಅಷ್ಟೇ, ತೆಗೀತಿಲ್ಲ" ಅಂದಳು. ಗಂಡ ಪೇಪರು ಮಡಿಸಿ ಅವಳ ಮುಖ ನೋಡಿದರು, ಮತ್ತೆ ಪೇಪರು ಬಿಡಿಸಿಕೊಂಡರು. ಅನುಭವಸ್ಥರು.

ಆಸ್ಪತ್ರೆಯಲ್ಲಿ ಹೊರರೋಗಿಗಳು ಕಾಯುವ ಹಾಲು. ನೆಲಕ್ಕೆ ಬಿಗಿದ ಸಾಲು ಸಾಲು ಕುರ್ಚಿಗಳು, ಗೋಡೆಯ ಮೇಲೆ ಟೋಕನ್ ನಂಬರು ತೋರಿಸುವ ಕೆಂಪು ಬೋರ್ಡು, ಈಗತಾನೇ ಒರೆಸಿದ ನೆಲದ ಫಿನಾಯಿಲ್ ವಾಸನೆ. ಕಿಟಕಿಯ ಪಕ್ಕದ ಮೂಲೆಯಲ್ಲಿ ತಂಡದವರು ಶ್ರುತಿ ಮಾಡುತ್ತಿದ್ದರು. ನರ್ಸು ಡ್ಯೂಟಿಯ ಬಟ್ಟೆಯಲ್ಲೇ ಇದ್ದಳು, ಇದು ಅವಳದೇ ಆಸ್ಪತ್ರೆ. ಟೀಚರನ್ನು ನೋಡಿ ಓಡಿ ಬಂದಳು. ಕಣ್ಣು ಪೆಟ್ಟಿಗೆಯ ಮೇಲೆ ಹೋಯಿತು.

"ಟೀಚರ್, ನೀವು ಚಿಂತೆ ಮಾಡ್ಬೇಡಿ. ನಾವು ದಿನಾ ಮಧ್ಯಾಹ್ನ ಟೈಲರಣ್ಣನ ಅಂಗಡೀಲಿ ಸೇರಿ ಬಾರಿಸ್ತಿದ್ವಿ."

"ನನಗೆ ಯಾಕೆ ಹೇಳಲಿಲ್ಲ?"

ನರ್ಸು ನೆಲ ನೋಡಿದಳು. "ಹೇಳಿದ್ರೆ ನೀವೂ ಬಂದ್ಬಿಡ್ತಿದ್ರಲ್ಲ ಟೀಚರ್" ಅಂದು, ಅಂದದ್ದು ತನಗೇ ಕೇಳಿಸಿದ ಹಾಗೆ ನಾಲಿಗೆ ಕಚ್ಚಿಕೊಂಡು ಓಡಿಹೋದಳು.

ಟೀಚರ್ ನಡುವಿನ ಸಾಲಿನಲ್ಲಿ ಕೂತು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಪಕ್ಕದಲ್ಲಿ ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡ ಅಜ್ಜಿ.

"ನಿಮ್ಮದು ಯಾವ ನಂಬರು?" ಅಂದಳು ಅಜ್ಜಿ.

"ನನಗೆ ನಂಬರಿಲ್ಲಮ್ಮ."

"ಮತ್ತೆ ಯಾರಿಗೆ ಹುಷಾರಿಲ್ಲ?"

"ಇನ್ನೇನು ಗೊತ್ತಾಗುತ್ತೆ."

ಮೊದಲ ಎರಡು ಹಾಡು ಸಣ್ಣವು, ಹುಡುಗಾಟದವು. ಗಡಿಬಿಡಿಯ ಉಸಿರಿಗೆ ಎಲ್ಲರೂ ಒಟ್ಟಿಗೇ ಹಾಡು ಎತ್ತಿದರು. ಟೀಚರ್ ಪ್ರತಿ ತಪ್ಪನ್ನೂ ಮನಸ್ಸಿನಲ್ಲೇ ಹೆಕ್ಕಿದಳು: ಪೋಸ್ಟಣ್ಣನ ಶ್ರುತಿ ಕೂದಲೆಳೆಯಷ್ಟು ಕೆಳಗೆ, ನರ್ಸಿನ ಕಮಾನು ಓರೆ. ಆದರೂ ಹಾಡು ತನ್ನ ಕಾಲ ಮೇಲೆ ನಿಂತಿತು, ಬೀಳಲಿಲ್ಲ. ಒಂದು ಮಗು ಅಳು ನಿಲ್ಲಿಸಿ ಬಾಯಿ ತೆರೆದುಕೊಂಡು ನೋಡಿತು. ಟೀಚರ್‌ಗೆ ಎದೆ ಹಗುರಾಯಿತು. ಬರಲಿ ಆ ಡ್ರಮ್ಮಿನವನು, ಬಂದು ಕೇಳಲಿ ಅಂದುಕೊಂಡಳು.

ಆಮೇಲೆ ಉದ್ದದ್ದು.

ಗಡಿಬಿಡಿ ಸುತ್ತ ನೋಡಿದಳು. ಹಾಲು ತುಂಬಿತ್ತು, ಬಾಗಿಲಲ್ಲಿ ವಾರ್ಡಿನವರೂ ಬಂದು ನಿಂತಿದ್ದರು. ನಡುವಿನ ಸಾಲಿನಲ್ಲಿ ಟೀಚರ್. ಹುಡುಗಿಗೆ ಏನನ್ನಿಸಿತೋ, ಥೇಟ್ ಟೀಚರ್ ಎಳೆದ ಹಾಗೆ ಸರ್ರನೆ ಚುರುಕಾಗಿ ಉಸಿರೆಳೆದಳು. ಹಾಡು ಅದೇ ಚುರುಕಿನಲ್ಲಿ ಹೊರಟಿತು. ಸ್ವಲ್ಪ ದೂರ ಸರಿಯಾಗಿಯೇ ಹೋಯಿತು. ತಿರುವಿನ ಮೆಟ್ಟಿಲು ಹತ್ತುವಾಗ ಪೋಸ್ಟಣ್ಣ ಒಂದು ಹೆಜ್ಜೆ ಮುಂದೆ ಬಿದ್ದ, ನರ್ಸು ಹಿಂದೆ ಉಳಿದಳು, ಇಬ್ಬರ ನಡುವೆ ಸಿಕ್ಕ ಗಡಿಬಿಡಿ ಜಾಗ ತಪ್ಪಿದಳು, ಟೈಲರ್‌ನ ಬೆರಳು ಗಾಳಿಯಲ್ಲೇ ಇತ್ತು. ಯಾವಾಗಲೂ ಅಲ್ಲಿ ಹಿಂದಿನಿಂದ ಬರುತ್ತಿದ್ದ ಆ ಜೋರು ಸದ್ದು ಈ ಸಲ ಬರಲಿಲ್ಲ. ಮೇಲಿನ ಸ್ವರ ಇರಬೇಕಾದ ಜಾಗದಲ್ಲಿ ಏನೂ ಇರಲಿಲ್ಲ. ಕಮಾನುಗಳು ಒಂದಾದ ಮೇಲೊಂದು ಇಳಿದವು. ಲೈಬ್ರರಿಯಲ್ಲಿ ಆದದ್ದೇ ಮತ್ತೆ ಆಯಿತು.

ಯಾರೋ ಕೆಮ್ಮಿದರು. ಟೋಕನ್ ಬೋರ್ಡಿನ ಕೆಳಗೆ ಕೂತ ಗುಮಾಸ್ತ ಮೈಕಿನಲ್ಲಿ ಒಂದು ನಂಬರು ಕರೆದ, ಯಾರೂ ಏಳಲಿಲ್ಲ. ಗಡಿಬಿಡಿಯ ಕಣ್ಣಲ್ಲಿ ನೀರು ತುಂಬಿತ್ತು.

ತಮ್ಮ ಹೇಳಿದ್ದೇ ನಿಜವಾಯಿತಲ್ಲ ಅನ್ನಿಸಿತು ಟೀಚರ್‌ಗೆ. ಇಷ್ಟು ವರ್ಷ ಇಷ್ಟೇನಾ? ಅವಳು ಯೋಚಿಸಿ ಮಾಡಿದ್ದಲ್ಲ, ಕೈ ತಾನಾಗಿಯೇ ಪೆಟ್ಟಿಗೆಯ ಚಿಲಕಕ್ಕೆ ಹೋಯಿತು. ಟಕ್.

ಆ ಸದ್ದು ಅವರಿಗೆಲ್ಲ ಗೊತ್ತು. ಪ್ರತಿ ಪಾಠ ಶುರುವಾಗುವುದೇ ಆ ಸದ್ದಿನಿಂದ. ಎಲ್ಲರ ತಲೆಯೂ ಅತ್ತ ತಿರುಗಿತು, ಎಲ್ಲರ ಮುಖದಲ್ಲೂ ಬದುಕಿದೆವಪ್ಪಾ ಅನ್ನುವ ನೆಮ್ಮದಿ. ಒಬ್ಬನನ್ನು ಬಿಟ್ಟು.

"ಟೀಚರ್," ಅಂದ ಟೈಲರ್. ಮೆಲ್ಲಗೇನೂ ಅಲ್ಲ, ಹಾಲಿಗೆಲ್ಲ ಕೇಳಿಸುವ ಹಾಗೆ. "ಮುಚ್ಚಿ ಅದನ್ನ."

ಯಾರೋ ಕಿಸಕ್ಕನೆ ನಕ್ಕರು. ಟೀಚರ್‌ಗೆ ಮುಖಕ್ಕೆ ಹೊಡೆದ ಹಾಗಾಯಿತು. ತನ್ನ ಶಿಷ್ಯ, ಜನರ ಮುಂದೆ, ತನಗೆ! ಕಿವಿಯ ತುದಿಯ ತನಕ ಬಿಸಿ ಏರಿತು. ಎದ್ದು ಹೋಗಿಬಿಡಬೇಕು ಅನ್ನಿಸಿತು. ಅದಕ್ಕಿಂತ ಮೊದಲು ಅವನ ಕೋಟಿನ ಕಾಲರು ಹಿಡಿದು ಎರಡು ಮಾತು ಕೇಳಬೇಕು ಅನ್ನಿಸಿತು.

ಅಜ್ಜಿ ಅವಳ ಕಿವಿಯ ಹತ್ತಿರ ಬಾಗಿದಳು. "ಯಾರಮ್ಮ ಅದು, ನಿಮ್ಮೋರಾ?"

ಟೀಚರ್ ಉಗುಳು ನುಂಗಿದಳು. "ಹೂಂ. ನಮ್ಮೋರೇ."

ಚಿಲಕವನ್ನು ಒತ್ತಿದಳು. ಟಕ್.

ಟೈಲರ್ ಗಡಿಬಿಡಿಯ ಕಡೆ ತಿರುಗಿದ. "ಅಳ್ಬೇಡ ಮಗಳೇ. ಅಂಗಡೀಲಿ ಬಾರಿಸಿದ ಹಾಗೆ ಬಾರಿಸೋಣ. ಟೀಚರ್ ಉಸಿರು ಟೀಚರ್‌ಗಿರಲಿ, ನಿನ್ನ ಉಸಿರು ತಗೋ. ಇಲ್ಲಿ ಯಾರಿಗೂ ಬಸ್ಸು ತಪ್ಪಲ್ಲ."

"ಬಸ್ಸಿರಲಿ, ಡಾಕ್ಟರೇ ಬಂದಿಲ್ಲ" ಅಂದ ಹಿಂದಿನ ಸಾಲಿನ ಒಬ್ಬ ಗಂಡಸು. ಹಾಲೆಲ್ಲ ನಕ್ಕಿತು. ಹುಡುಗಿ ತೋಳಿನಿಂದ ಕಣ್ಣೊರೆಸಿಕೊಂಡು ಪಿಟೀಲನ್ನು ಗದ್ದದ ಕೆಳಗಿಟ್ಟಳು. ಈ ಸಲ ಅವಳು ಎಳೆದ ಉಸಿರು ಉದ್ದವಾಗಿತ್ತು, ದೊಡ್ಡ ಹೊರೆ ಇಳಿಸಿದವರು ತೆಗೆದುಕೊಳ್ಳುವಂಥ ಉಸಿರು. ಹಾಡು ಮೊದಲಿಂದ ಎದ್ದಿತು.

ನಿಧಾನ! ಟೀಚರ್‌ಗೆ ಮೊದಲು ಅನ್ನಿಸಿದ್ದೇ ಅದು. ಎಷ್ಟು ನಿಧಾನ, ಹೀಗಾದರೆ ಹಾಡು ನಡೆಯುವ ಬದಲು ಕೂತೇಬಿಡುತ್ತದೆ. ಅವಳ ಪಾದ ನೆಲದ ಮೇಲೆ ತನ್ನದೇ ಲಯ ಬಡಿಯತೊಡಗಿತು. ಪಾದವನ್ನು ಇನ್ನೊಂದು ಪಾದದಿಂದ ಮೆಟ್ಟಿ ಹಿಡಿದಳು. ಹಾಡು ಮಾತ್ರ ಕೂರಲಿಲ್ಲ. ಸಾವಕಾಶವಾಗಿ, ಪಕ್ಕದವರ ಕೈ ಹಿಡಿದುಕೊಂಡು ನಡೆಯುವವರ ಹಾಗೆ ಮುಂದೆ ಹೋಯಿತು. ಪೋಸ್ಟಣ್ಣ ನರ್ಸಿಗೆ ಕಾದ, ನರ್ಸು ಪೋಸ್ಟಣ್ಣನನ್ನು ಸೇರಿದಳು. ನರ್ಸಿನ ಕಮಾನಿಗೆ ಇಷ್ಟು ಮೆತ್ತನೆಯ ಸದ್ದಿದೆ ಅಂತ ಟೀಚರ್‌ಗೆ ಗೊತ್ತೇ ಇರಲಿಲ್ಲ. ಗೊತ್ತಾಗುವುದಾದರೂ ಹೇಗೆ? ಅವರು ಬಾರಿಸುವಾಗೆಲ್ಲ ಅವಳೂ ಬಾರಿಸುತ್ತಿದ್ದಳು. ಅವಳು ಕೇಳುತ್ತಿದ್ದದ್ದು ತನ್ನನ್ನೇ.

ತಿರುವು ಹತ್ತಿರ ಬಂತು. ಹಾಡು ಮೆಟ್ಟಿಲು ಹತ್ತಿತು. ಪೆಟ್ಟಿಗೆಯ ಮುಚ್ಚಳದ ಮೇಲಿದ್ದ ಟೀಚರ್‌ನ ಕಿರುಬೆರಳು ತಾನಾಗಿ ಎದ್ದಿತು. ಗಡಿಬಿಡಿ ಅಲ್ಲಿ ಇನ್ನೂ ಒಂದು ಕೂದಲೆಳೆಯಷ್ಟು ತಡೆದಳು. ಉಳಿದವರೂ ತಡೆದರು. ಟೈಲರ್‌ನ ಡೊಂಕು ಬೆರಳು ಮೇಲಿನಿಂದ ನಿಧಾನಕ್ಕೆ ಬಗ್ಗಿತು, ಬಂದು ತಂತಿಯ ಮೇಲೆ ಕೂತಿತು.

ಆ ಸ್ವರ ತೆಳ್ಳಗಿತ್ತು, ತುದಿಯಲ್ಲಿ ಚೂರು ನಡುಗುತ್ತಿತ್ತು. ಆದರೆ ಅದು ಇತ್ತು. ಇಷ್ಟು ವರ್ಷದಲ್ಲಿ ಟೀಚರ್ ಅದನ್ನು ಒಮ್ಮೆಯೂ ಕೇಳಿರಲಿಲ್ಲ. ಅವನು ಬಾರಿಸಲಾರ ಅಂತ ತಿಳಿದು ಪ್ರತಿ ಸಲವೂ ಅವಳೇ ಬಾರಿಸಿಬಿಟ್ಟಿದ್ದಳು. ಅವಳಿಗೆ ಮೊದಲು ಬಂದದ್ದು ನಾಚಿಕೆ. ಆಮೇಲೆ, ನಾಚಿಕೆಯನ್ನು ಪಕ್ಕಕ್ಕೆ ನೂಕಿ, ಎಂಥದೋ ಖುಷಿ ನುಗ್ಗಿ ಬಂತು. ಕಲಿತಿದ್ದಾರೆ. ಯಾರಿಂದ ಕಲಿತರೋ, ಅಂತೂ ಕಲಿತಿದ್ದಾರೆ.

ಟೈಲರ್ ಹುಬ್ಬು ಕೂಡ ಹಾರಿಸಲಿಲ್ಲ. ಗುಂಡಿಯ ತೂತು ಹೊಲಿಯುವವನ ಹಾಗೆ ಗಂಭೀರವಾಗಿ ಹಾಡಿನ ಇಳಿಜಾರಿನಲ್ಲಿ ಎಲ್ಲರ ಜೊತೆ ಇಳಿದ.

ಹಾಡು ಮುಗಿದಾಗ ಚಪ್ಪಾಳೆ ಬಿತ್ತು. ಮೊಣಕಾಲಿನ ಅಜ್ಜಿ ಎಲ್ಲರಿಗಿಂತ ಜೋರಾಗಿ ತಟ್ಟಿದಳು. ಚಪ್ಪಾಳೆ ನಿಲ್ಲುವಷ್ಟರಲ್ಲಿ ಗುಮಾಸ್ತ ಮೈಕು ಎತ್ತಿಕೊಂಡ: "ಡಾಕ್ಟರು ವಾರ್ಡಿನಲ್ಲಿದ್ದಾರೆ, ಬರೋದು ಇನ್ನೂ ತಡ ಆಗುತ್ತೆ. ದಯವಿಟ್ಟು ಎಲ್ಲರೂ ಕೂತಿರಿ." ಸಾಲುಗಳಲ್ಲಿ ಗೊಣಗಾಟ ಎದ್ದಿತು. ಗುಮಾಸ್ತ ಕಿಟಕಿಯ ಕಡೆ ನೋಡಿ, ಮೈಕು ಆರಿಸುವುದನ್ನು ಮರೆತು, "ಏನ್ರಪ್ಪಾ, ಆ ಕೊನೇದನ್ನ ಇನ್ನೊಂದು ಸಲ ಬಾರಿಸಿಬಿಡಿ, ಇಲ್ಲಾಂದ್ರೆ ಇವರೆಲ್ಲಾ ನನ್ನನ್ನ ಬಾರಿಸ್ತಾರೆ" ಅಂದ.

ನಗುವಿನ ನಡುವೆ ಟೈಲರ್ ಎದ್ದು ನಿಂತ. ಕೋಟು ಎಳೆದು ಸರಿ ಮಾಡಿಕೊಂಡ. "ಟೀಚರ್," ಅಂದ, "ಈಗ ತೆಗೀರಿ."

"ಮುಚ್ಚಿ ಅಂತೀರಿ, ತೆಗೀರಿ ಅಂತೀರಿ. ನನ್ನ ಪೆಟ್ಟಿಗೆ ಏನು ನಿಮ್ಮ ಅಂಗಡಿ ಬಾಗಿಲೇನ್ರೀ?" ಅಂದಳು ಟೀಚರ್. ದನಿ ಗಟ್ಟಿಯಾಗಿಯೇ ಬಂತು, ಅವಳಿಗೆ ಅದೇ ದೊಡ್ಡ ಸಮಾಧಾನ.

"ಬನ್ನಿ ಟೀಚರ್, ಪ್ಲೀಸ್" ಎಂದು ಗಡಿಬಿಡಿ ಓಡಿ ಹೋಗಿ ಗುಮಾಸ್ತನ ಪಕ್ಕದ ಸ್ಟೂಲು ಎತ್ತಿಕೊಂಡು ಬಂದಳು. ಎಲ್ಲಿಡುವುದೆಂದು ಒಂದು ಕ್ಷಣ ನಿಂತಳು. ಟೀಚರ್ ಅಭ್ಯಾಸ ಬಲದಿಂದ ಹಿಂದಕ್ಕೆ ಹೋಗುತ್ತಿದ್ದಳು. ಹಿಂದೆ ಕಿಟಕಿ, ಜಾಗವಿರಲಿಲ್ಲ. ಟೈಲರ್ ತನ್ನ ಕುರ್ಚಿಯನ್ನು ಕರ್ರೆಂದು ಪಕ್ಕಕ್ಕೆ ಎಳೆದುಕೊಂಡ. ಸ್ಟೂಲು ಅಲ್ಲೇ ಬಂತು, ಅವನ ಪಕ್ಕಕ್ಕೆ, ಸಾಲಿನ ತುದಿಗೆ.

ಟೀಚರ್ ಕೂತು ಹೊಸ ತಂತಿಯನ್ನು ಬೆರಳಿನಿಂದ ಮೀಟಿ ನೋಡಿದಳು. ಪಿಟೀಲು ಗದ್ದದ ಕೆಳಗೆ ಬಂದಿತು. ಎಲ್ಲ ಸಿದ್ಧ. ಅವಳ ಮೂಗಿನ ಹೊಳ್ಳೆ ಅರಳಿತು, ಉಸಿರು ಅರ್ಧ ಒಳಗೆ ಹೋಗಿಯೂ ಹೋಯಿತು, ನೆನಪಾಗಿ ಅಲ್ಲೇ ಹಿಡಿದಳು. ಪೋಸ್ಟಣ್ಣ ಕಳ್ಳಗಣ್ಣಿನಲ್ಲಿ ನೋಡಿ ನಕ್ಕ. ಅವಳು ಅವನಿಗೆ ಕಣ್ಣು ಬಿಟ್ಟು ಹೆದರಿಸಿ, ಗಡಿಬಿಡಿಯ ಕಡೆ ತಿರುಗಿದಳು.

ಹುಡುಗಿ ಉಸಿರೆಳೆದಳು. ಉದ್ದಕ್ಕೆ.

ಟೀಚರ್ ಅವರ ಜೊತೆ ಹೊರಟಳು. ಅವಳ ಕೈ ಎರಡು ಸಲ ಮುಂದೆ ಓಡಲು ನೋಡಿತು, ಎರಡು ಸಲವೂ ಕಿವಿ ಹಿಂಡಿ ಹಿಂದಕ್ಕೆ ಕರೆದಳು. ಪಕ್ಕದಲ್ಲಿ ಟೈಲರ್‌ನ ಕೋಟಿನ ತೋಳು ಅವಳ ತೋಳಿಗೆ ತಾಗುತ್ತಿತ್ತು. ಅವನ ಉಸಿರಾಟ ಕೇಳಿಸುತ್ತಿತ್ತು. ಹಾಡು ಮೆಟ್ಟಿಲ ಬುಡಕ್ಕೆ ಬಂತು, ಹತ್ತತೊಡಗಿತು. ಅವನ ಕಿರುಬೆರಳು ಮೇಲೆದ್ದು ಬಗ್ಗಲು ಹೊರಟಿತು.

ಟೀಚರ್ ತನ್ನ ಕಮಾನನ್ನು ತಂತಿಯಿಂದ ಮೇಲಕ್ಕೆತ್ತಿ, ಹಾಗೇ ಹಿಡಿದುಕೊಂಡು, ಕಾದಳು.